ಮಣಿಕಟ್ಟು ಹಿಡಿದ ನರ್ಸಮ್ಮ

ನಿನ್ನೆ ಒಂದು ಕೆಂಪು ಸೋಪಿಗೆ ಆರಾಣೆ ಕೊಟ್ಟು ಬಂದೆ. ಚೌಕಾಸಿ ಮಾಡಲಿಲ್ಲ. ಹುಣಸೂರಿನ ಆ ಅಂಗಡಿಯವನು ನನ್ನನ್ನು ಬಲ್ಲವನು; ನಾಲ್ಕಕ್ಕೆ ಇಳಿಯಲು ಸಿದ್ಧನಾಗಿಯೇ ಆರು ಹೇಳಿದ್ದ. ಆದರೆ ಕಾಗದ ಬಿಚ್ಚಿದೊಡನೆ ಆಸ್ಪತ್ರೆಯ ಘಾಟು ಮೂಗಿಗೆ ಬಡಿದು, ಕೈ ತಾನಾಗಿಯೇ ದುಡ್ಡಿನ ಚೀಲಕ್ಕೆ ಹೋಯಿತು. ಅದು ನರ್ಸಮ್ಮನ ಕೈಯ ವಾಸನೆ...

ಮಹಾರಾಜರ ಕಾಲದ ಮಾತು. ನಾನಾಗ ದನದ ದಲ್ಲಾಳಿಯಾಗಿ ಆಗಷ್ಟೇ ಕಣ್ಣು ಬಿಡುತ್ತಿದ್ದೆ. ಪಿರಿಯಾಪಟ್ಟಣದ ಸಂತೆಯಲ್ಲಿ ಎತ್ತೊಂದು ಒದ್ದು ನನ್ನ ಕಾಲಿನ ಮೂಳೆ ಮುರಿಯಿತು. ಗಾಡಿಯಲ್ಲಿ ಹಾಕಿಕೊಂಡು ಬಂದು ಹುಣಸೂರಿನ ಮಿಷನ್ ಆಸ್ಪತ್ರೆಯಲ್ಲಿ ಮಲಗಿಸಿದರು. ಎರಡು ತಿಂಗಳು ಅಲ್ಲಿನ ನರ್ಸಮ್ಮ ನನ್ನ ಮೈ ಒರೆಸಿದರು, ಗಂಜಿ ಕುಡಿಸಿದರು, ಸಂಜೆ ಸಂಜೆ ತಲೆಯ ಮೇಲೆ ಕೈಯಿಟ್ಟು ಯೇಸುಸ್ವಾಮಿಯನ್ನು ಬೇಡಿಕೊಂಡರು. ತಾಯಿಯನ್ನು ಕಾಣದೆ ಬೆಳೆದವನು ನಾನು. ಆ ಕೈ ನನ್ನದೇ ಎಂದುಕೊಂಡೆ.

ಕಾಲು ನೆಟ್ಟಗಾದ ಮೇಲೆ ದಿನವೂ ಅವರ ಮನೆಗೆ ಹಾಲು ಕೊಂಡೊಯ್ದೆ, ಸೌದೆ ಒಡೆದು ಹಾಕಿದೆ. ಧರ್ಮಕ್ಕಲ್ಲ. ಹೆಚ್ಚು ಕೊಟ್ಟವನಿಗೇ ಮಾಲು ಎಂಬುದಷ್ಟೇ ನನಗೆ ಗೊತ್ತಿತ್ತು.

ಆಗ ಬಂದ, ಆ ಇನ್ನೊಬ್ಬ ದಲ್ಲಾಳಿ. ಮುದಿ ಎತ್ತಿನ ಹಲ್ಲನ್ನು ಅರದಿಂದ ಉಜ್ಜಿ, ಪ್ರಾಯದ್ದೆಂದು ನನಗೇ ದಾಟಿಸಿದ್ದವನು. ಕಾಲಿನ ಹುಣ್ಣು ಕೊಳೆತು ನಾರುತ್ತಿದ್ದ. ಅಣ್ಣತಮ್ಮಂದಿರೂ ಮನೆಗೆ ಸೇರಿಸಿರಲಿಲ್ಲ. ನರ್ಸಮ್ಮ ಅವನನ್ನು ನಾನು ಮಲಗಿದ್ದ ಮಂಚದ ಮೇಲೆಯೇ ಮಲಗಿಸಿದರು. ಅದೇ ಗಂಜಿ, ಅದೇ ಪ್ರಾರ್ಥನೆ.

ಆಸ್ಪತ್ರೆಯ ಜಗಲಿಯಲ್ಲಿ ಅವರನ್ನು ತಡೆದೆ.

"ಅಮ್ಮಾವ್ರೇ, ಅವ್ನು ಕಳ್ಳ ಕಣ್ರೀ. ಇವತ್ತು ಪಟ್ಟಿ ಕಟ್ಟಿಸ್ಕತಾನೆ, ನಾಳೆ ನಿಮ್ ಸೀರೇನೇ ಮಾರ್ತಾನೆ."

"ಮಾರ್ಲಿ ಬುಡಪ್ಪ. ಹಳೇ ಸೀರೆ, ಮೋಸ ಹೋಗೋನು ಅವ್ನೇ."

"ನಂಗೂ ಅವ್ನಿಗೂ ಒಂದೇನಾ ನಿಮ್ಗೆ?"

ಅವರು ಬೋಗುಣಿಯ ನೀರಿನಲ್ಲಿ ಕೆಂಪು ಸೋಪು ಹಚ್ಚಿ ಕೈ ತೊಳೆಯತೊಡಗಿದರು. ನನಗೆ ತಡೆಯಲಾಗಲಿಲ್ಲ. ನಮ್ಮ ಕಸುಬಿನಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲಿನ ಮರೆಯಲ್ಲಿ ಕೈಗೆ ಕೈ ಕೊಟ್ಟು, ಬೆರಳು ಒತ್ತಿ ತಿಳಿಸುತ್ತೇವೆ. ಹೆಗಲ ಟವೆಲನ್ನು ಕೈಮೇಲೆ ಹೊದಿಸಿ ಚಾಚಿದೆ.

"ಯಾರೂ ನೋಡಕ್ಕಿಲ್ಲ. ಅವ್ನಿಗಿಂತ ಒಂದು ಬೆರಳಾದ್ರೂ ಜಾಸ್ತಿ ಒತ್ತಿ."

ಅವರ ಒದ್ದೆ ಕೈ ಟವೆಲಿನೊಳಗೆ ಬಂತು. ಬೆರಳುಗಳನ್ನೆಲ್ಲ ದಾಟಿ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು. ನಮ್ಮ ವ್ಯಾಪಾರದಲ್ಲಿ ಮಣಿಕಟ್ಟಿಗೆ ಯಾವ ಬೆಲೆಯೂ ಇಲ್ಲ.

"ನಮ್ ಸ್ವಾಮಿ ನನ್ನ ಹಿಡ್ಕೊಂಡಿರೋದು ಹಿಂಗೇ ಕಣಪ್ಪ. ನಾನು ಒಳ್ಳೇವಳು ಅಂತ ಹಿಡ್ದಿದ್ರೆ ಯಾವತ್ತೋ ಬುಟ್ಬುಡ್ತಿದ್ರು," ಎಂದವರು ಅದೇ ಕೈಯಲ್ಲಿ ಅವನ ಹುಣ್ಣು ತೊಳೆಯಲು ಒಳಗೆ ಹೋದರು.

ಮರುದಿನದಿಂದ ಹಾಲು ನಿಲ್ಲಿಸಿದೆ. ಯಾಕೆಂದು ಕೇಳಲಿ ಎಂದು ಕಾದೆ. ಕೇಳಲಿಲ್ಲ. ದಾರಿಯಲ್ಲಿ ಸಿಕ್ಕಾಗ "ಕಾಲು ನೋಯ್ತದೇನಪ್ಪ?" ಎಂದು ಹಿಂದಿನಂತೆಯೇ ವಿಚಾರಿಸುತ್ತಿದ್ದರು. ಒಂದಿಷ್ಟು ಮುನಿಸಿಕೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು... ಹುಣ್ಣು ಮಾಯ್ದ ಮೇಲೆ ಹಾಲು ಹಾಕಲು ಅವನೇ ಶುರುಮಾಡಿದ, ಕುಂಟುತ್ತ. ನೀರು ಬೆರೆಸಿಯೇ ಹಾಕಿರುತ್ತಾನೆ, ಅವನನ್ನು ಬಲ್ಲೆ.

ಮುಂದಿನ ವರ್ಷ ನರ್ಸಮ್ಮ ಜ್ವರ ಬಂದು ಹಾಸಿಗೆ ಹಿಡಿದರು. ನಾಲ್ಕು ದಿನವೂ ಅವರ ಮನೆಯ ಗೇಟಿನವರೆಗೆ ಹೋದೆ. ಜಗಲಿಯಲ್ಲಿ ಅವನ ಊರುಗೋಲು ಒರಗಿರುವುದನ್ನು ಕಂಡು ನಾಲ್ಕು ದಿನವೂ ವಾಪಸಾದೆ. ಐದನೆಯ ದಿನ ಅವರಿರಲಿಲ್ಲ. ಶವದ ಪೆಟ್ಟಿಗೆಗೆ ಆ ಕುಂಟ ಹೆಗಲು ಕೊಟ್ಟ. ನಾನು ದೂರದಲ್ಲಿ ನಿಂತಿದ್ದೆ. ಕಡೆಯ ಗಳಿಗೆಯಲ್ಲಿ ಅವರು ಹಿಡಿದುಕೊಂಡಿದ್ದು ಅವನ ಕೈಯನ್ನೇ ಎಂದು ಯಾರೋ ಹೇಳಿದರು. ಇವತ್ತಿಗೂ ಆ ಮಾತು ನನ್ನ ಹೊಟ್ಟೆಯಲ್ಲಿ ಉರಿಯುತ್ತದೆ.

ಈ ಬೆಳಿಗ್ಗೆ ಆ ಸೋಪಿನಲ್ಲಿ ಕೈ ತೊಳೆದೆ. ವಾಸನೆ ಬಂತು, ಹಿಡಿತ ಬರಲಿಲ್ಲ.

ಓದುವವರಿಗೆ ಒಂದು ಮಾತು. ಎತ್ತು ಕೊಳ್ಳುವಾಗ ಹಲ್ಲು ನೋಡಿ. ಅರದ ಗುರುತಿದೆಯೇ ಎಂದು ಉಗುರಿನಿಂದ ಸವರಿ ನೋಡಿ. ಆದರೆ ನಿಮ್ಮನ್ನು ಸುಮ್ಮನೆ ಪ್ರೀತಿಸುವವರು ಸಿಕ್ಕರೆ, ಪಕ್ಕದವನಿಗೆಷ್ಟು ಸಿಕ್ಕಿತೆಂದು ನೋಡಲು ಹೋಗಬೇಡಿ. ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದ ದಿನವೇ, ಜಗಲಿಯಲ್ಲಿ ಯಾರ ಊರುಗೋಲಿದ್ದರೂ ದಾಟಿಕೊಂಡು ಒಳಗೆ ಹೋಗಿ.