ಕ್ಯಾಲೆಂಡರಿನ ಹಿಂದಿದ್ದ ಅಧ್ಯಕ್ಷ

ಮೊನ್ನೆ ನಮ್ಮ ಕಟ್ಟಡದ ಲಿಫ್ಟಿನಲ್ಲಿ ವಿನೆಗರ್, ಬೆಳ್ಳುಳ್ಳಿ, ಪಲಾವ್ ಎಲೆ ಒಟ್ಟಿಗೆ ಕುದಿದ ವಾಸನೆ ನಿಂತಿತ್ತು. ಯಾರದೋ ಮನೆಯ ಅಡುಗೆ. ತರಕಾರಿ ಚೀಲ ಹಿಡಿದುಕೊಂಡು ನಾನು ಇಳಿಯಬೇಕಾದ ಮಹಡಿ ದಾಟಿ ಮೇಲೆ ಹೋಗಿಬಿಟ್ಟೆ. ಅದು ಟೀಚರ ಮನೆಯ ವಾಸನೆ...

ಆಗ ನಾವು ಕತಾರಿನ ಅಲ್ ಥುಮಾಮಾದಲ್ಲಿದ್ದೆವು. ಒಂದು ವಿಲ್ಲಾದೊಳಗೆ ಪ್ಲೈವುಡ್ ಗೋಡೆ ಹಾಕಿ ಹಲವು ಸಂಸಾರಗಳಿಗೆ ಹಂಚಿದ್ದರು. ಕೆಳಗೆ ನಮ್ಮ ಎರಡು ಕೋಣೆ, ಮೆಟ್ಟಿಲು ಹತ್ತಿದರೆ ಟೀಚರದ್ದು ಒಂದು. ಫಿಲಿಪ್ಪೀನ್ಸಿನವರು. ಊರಿನಲ್ಲಿ ಹೈಸ್ಕೂಲಿಗೆ ಚರಿತ್ರೆ ಕಲಿಸುತ್ತಿದ್ದವರು ಇಲ್ಲಿ ನರ್ಸರಿಯೊಂದರಲ್ಲಿ ಮಕ್ಕಳ ಮೂಗು ಒರೆಸುತ್ತಿದ್ದರು. ಒಣಮೀನು ಹುರಿದರೆ ಬೈಯದ ನೆರೆಮನೆ ಸಿಕ್ಕಿತಲ್ಲ ಎಂದು ನಾನು ದೇವರಿಗೆ ಕೈಮುಗಿದಿದ್ದೆ. ಅವರೂ ನಮ್ಮ ಹಾಗೆ ಕಥೋಲಿಕರು. ಸಂಜೆ ಜಪಸರಕ್ಕೆ ಕೆಳಗಿಳಿದು ಬರುತ್ತಿದ್ದರು. ನಾವು ಕೊಂಕಣಿಯಲ್ಲಿ ಹೇಳುತ್ತಿದ್ದೆವು, ಅವರು ಅವರ ಭಾಷೆಯಲ್ಲಿ. ಕೊನೆಗೆ ಆಮೆನ್ ಮಾತ್ರ ಒಟ್ಟಿಗೆ ಬೀಳುತ್ತಿತ್ತು.

ಅವರ ಗೋಡೆಯ ಮೇಲೆ ಒಂದು ಚಾರ್ಟ್ ಇತ್ತು. ಅವರ ದೇಶದ ಅಧ್ಯಕ್ಷರೆಲ್ಲ ಸಾಲಾಗಿ, ಫೋಟೋದ ಕೆಳಗೆ ಆಳಿದ ವರ್ಷಗಳು. ಊರಿನ ತರಗತಿಯಿಂದ ಕಳಚಿ ತಂದದ್ದಂತೆ. ನನ್ನ ಮಗಳಿಗೆ ಕನ್ನಡದ ಅ ಆ ಇ ಈ ಸರಿಯಾಗಿ ಬಾರದು, ಆದರೆ ಆ ಅಧ್ಯಕ್ಷರ ಹೆಸರುಗಳನ್ನು ಉಸಿರು ಬಿಡದೆ ಒಪ್ಪಿಸುತ್ತಿದ್ದಳು. ಈಗಿನ ಕಾನೂನಿನಲ್ಲಿ ಒಬ್ಬರಿಗೆ ಆರು ವರ್ಷ, ಒಂದೇ ಸಲ, ಆಮೇಲೆ ಖಲಾಸ್ ಎಂದು ಟೀಚರ್ ಹೇಳಿಕೊಟ್ಟಿದ್ದರು. ಅವರ ಕೆಲಸದ ಕಾಂಟ್ರಾಕ್ಟ್ ಎರಡೆರಡು ವರ್ಷದ್ದು. ಹಾಗಾಗಿ ಮೂರು ಕಾಂಟ್ರಾಕ್ಟ್ ಎಂದರೆ ಒಬ್ಬ ಅಧ್ಯಕ್ಷ. ಕತಾರಿಗೆ ಬಂದು ಎಷ್ಟು ವರ್ಷವಾಯಿತು ಎಂದು ಕೇಳಿದರೆ "ಇಬ್ಬರು ಅಧ್ಯಕ್ಷರು, ಮೇಲೆ ಒಂದು ಕಾಂಟ್ರಾಕ್ಟ್" ಎನ್ನುತ್ತಿದ್ದರು.

ಆ ಚಾರ್ಟಿನಲ್ಲಿ ಒಂದು ಮುಖ ಮಾತ್ರ ಕಾಣುತ್ತಿರಲಿಲ್ಲ. ಅದರ ಮೇಲೆ ಚರ್ಚಿನ ಕ್ಯಾಲೆಂಡರ್ ತೂಗುತ್ತಿತ್ತು. ವರ್ಷ ಬದಲಾದರೆ ಹೊಸ ಕ್ಯಾಲೆಂಡರ್ ಅದೇ ಮೊಳೆಗೆ. ಒಂದು ದಿನ ಕೇಳಿಯೇಬಿಟ್ಟೆ. ಟೀಚರ್ ಬಾಗಿಲು ಮುಂದೆ ಮಾಡಿ ಬಂದು ಕುಳಿತರು. ಅದು ಇಪ್ಪತ್ತು ವರ್ಷ ಕುರ್ಚಿ ಬಿಡದವನ ಮುಖ. ಅವನು ಮಿಲಿಟರಿ ಕಾಯ್ದೆ ಹೇರಿದ ಕಾಲದಲ್ಲಿ, ಟೀಚರ್ ಇನ್ನೂ ಲಂಗದ ಹುಡುಗಿಯಾಗಿದ್ದಾಗ, ಸೈನಿಕರು ಬಂದು ಕಾಲೇಜಿಗೆ ಹೋಗುತ್ತಿದ್ದ ಅಣ್ಣನನ್ನು ಕರೆದುಕೊಂಡು ಹೋದರು. ತಿರುಗಿ ಬರಲಿಲ್ಲ. ಹೆಣವೂ ಬರಲಿಲ್ಲ. ತಮ್ಮ ಮಗಳಿಗೆ, ಮಾವ ಜ್ವರದಲ್ಲಿ ತೀರಿಹೋದ ಎಂದಷ್ಟೇ ಹೇಳಿದ್ದೇನೆ ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ನನ್ನ ಹೊಟ್ಟೆಯಲ್ಲೇ ಇಟ್ಟುಕೊಂಡೆ.

ಆ ಮಗಳನ್ನು ಅಜ್ಜಿಯ ಬಳಿ ಬಿಟ್ಟು ಟೀಚರ್ ಗಲ್ಫಿಗೆ ಬಂದಾಗ ಅವಳಿಗೆ ಹನ್ನೆರಡು ವರ್ಷವಂತೆ. ದೊಡ್ಡವಳಾಗಿ, ಇಲ್ಲಿನ ಕ್ಲಿನಿಕ್ಕೊಂದರಲ್ಲಿ ಕೆಲಸ ಹಿಡಿದು ಬಂದು ತಾಯಿಯ ಕೋಣೆ ಸೇರಿದಾಗ ಟೀಚರ್ ನನ್ನ ಕೈ ಹಿಡಿದು ಅತ್ತಿದ್ದರು. ಈಗ ಅವಳು ನನ್ನನ್ನು ಬಿಟ್ಟುಹೋದರೆ ನಾನು ತಡೆಯೆ ಸಿಸ್ಟರ್, ಎಂದಿದ್ದರು.

ಆಮೇಲೆ ಅವರ ಊರಿನ ಚುನಾವಣೆ ಬಂತು. ಹೊರದೇಶದಲ್ಲಿರುವವರಿಗೆ ರಾಯಭಾರ ಕಚೇರಿಯಲ್ಲೇ ಒಂದು ತಿಂಗಳು ಮತದಾನ. ಕ್ಯಾಲೆಂಡರ್ ಹಿಂದಿದ್ದವನ ಮಗನೇ ನಿಂತಿದ್ದ. ಟೀಚರ ಮಗಳ ಫೋನಿನ ತುಂಬ ಅವನದೇ ವೀಡಿಯೊ. ಅಪ್ಪನ ಕಾಲವೇ ಚಿನ್ನದ ಕಾಲ ಎಂದು. ಪ್ಲೈವುಡ್ ಗೋಡೆಯ ಮನೆಯಲ್ಲಿ ಯಾವ ಜಗಳವೂ ಒಬ್ಬರದಾಗಿ ಉಳಿಯುವುದಿಲ್ಲ. ಪಾತ್ರೆ ಕುಕ್ಕುವ ಸದ್ದು, ಬಾಗಿಲು ಬಡಿಯುವ ಸದ್ದು, ತಾಯಿ ಮಗಳ ಏರುಸ್ವರ. ನಾನು ಜಪಸರ ಹಿಡಿದು ಕೂತರೂ ಕಿವಿ ಮೇಲಿನ ಕೋಣೆಗೇ ಹೋಗುತ್ತಿತ್ತು. "ನಿಂಗೆ ಯಾಕೆ ಮಾರಾಯ್ತಿ ಅವರ ಅಧ್ಯಕ್ಷರ ಉಸಾಬರಿ? ನಮ್ಮ ಪಂಚಾಯತಿನ ಮೆಂಬರ್ ಯಾರೂಂತ ಗೊತ್ತುಂಟಾ ನಿಂಗೆ?" ಎಂದು ಯಜಮಾನರು ಗೇಲಿ ಮಾಡಿದರು. ಅವರ ಮಾತು ಕೇಳಬೇಕಿತ್ತು.

ಒಂದು ಶುಕ್ರವಾರ ಟೀಚರ್ ಊಟಕ್ಕೆ ಕರೆದರು. ಜಗಳ ತಣಿಯಲಿ ಎಂದೇ ನನ್ನನ್ನು ಕರೆದಿರಬೇಕು. ಹೋಗಿ ನೋಡಿದರೆ ಕ್ಯಾಲೆಂಡರ್ ನೆಲದ ಮೇಲಿತ್ತು. ಗೋಡೆಯ ಮೇಲೆ ಆ ಮುಖ ನಗುತ್ತಿತ್ತು.

"ನೋಡಿ ಆಂಟಿ," ಎಂದಳು ಹುಡುಗಿ, ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ. "ಚರಿತ್ರೆ ಟೀಚರ್ ಅಂತೆ. ಚರಿತ್ರೆ ಮುಚ್ಚಿಡುವ ಟೀಚರ್."

"ಅದನ್ನು ವಾಪಸ್ ಹಾಕು," ಎಂದರು ಟೀಚರ್.

"ಕಾರಣ ಹೇಳು. ಹಾಕ್ತೇನೆ."

ಟೀಚರ್ ನನ್ನ ತಟ್ಟೆಗೆ ಅನ್ನ ಬಡಿಸಿದರು. ಹುಡುಗಿ ಮೇಜಿನಿಂದ ಎದ್ದಳು. ಮುಶೈರಿಬ್ ಕಡೆ ಗೆಳತಿಯರ ಕೋಣೆಯಲ್ಲಿ ಬೆಡ್‌ಸ್ಪೇಸ್, ಒಂದು ಮಂಚದ ಜಾಗ, ನೋಡಿದ್ದಾಳಂತೆ, ಇವತ್ತೇ ಹೋಗುತ್ತಾಳಂತೆ. ಹನ್ನೆರಡು ವರ್ಷಕ್ಕೆ ನೀನು ನನ್ನನ್ನು ಬಿಟ್ಟೆ, ಈಗ ನಾನು ಬಿಡುತ್ತೇನೆ, ಲೆಕ್ಕ ಸರಿಹೋಯಿತು ಎಂದು ಸೂಟ್‌ಕೇಸ್ ಎಳೆದಳು. ಟೀಚರ ಮುಖ ನೋಡಲಾಗಲಿಲ್ಲ. ನನಗೆ ಸುಮ್ಮನಿರಲು ಆಗಲಿಲ್ಲ.

"ನಿನ್ನ ಮಾವ ಜ್ವರ ಬಂದು ಸತ್ತದ್ದಲ್ಲ ಮಗಾ. ಆ ಮನುಷ್ಯನ ಸೈನಿಕರು ಕರ್ಕೊಂಡು ಹೋದದ್ದು."

ಹುಡುಗಿ ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಇದು ಆಂಟಿಗೆ ಗೊತ್ತು. ನನಗೆ ಗೊತ್ತಿಲ್ಲ," ಎಂದಳು. ಅಷ್ಟೇ. ಟೀಚರ್ ಎದ್ದು ಬಾಗಿಲು ತೆರೆದು ಹಿಡಿದರು. ಅದು ನನಗಾಗಿ.

ಮೂರು ದಿನ ಮೇಲಿನಿಂದ ಒಂದು ಸದ್ದಿಲ್ಲ. ಹುಡುಗಿ ಹೋಗಿರಲಿಲ್ಲ ಎಂಬುದೊಂದೇ ದೇವರ ದಯೆ. ಅವಳ ಚಪ್ಪಲಿ ಮೆಟ್ಟಿಲ ಬಳಿ ಕಾಣುತ್ತಿತ್ತು. ನಾಲ್ಕನೆಯ ದಿನ ನಾನು ಅಕ್ಕಿ ತೊಳೆಯುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತಳು. "ಮಾವನ ಹೆಸರು ಏನಿತ್ತು ಆಂಟಿ?"

ನನಗೆ ಗೊತ್ತಿರಲಿಲ್ಲ. ಟೀಚರ್ ಅಣ್ಣ ಎಂದೇ ಹೇಳಿದ್ದರು. ಹಾಗೆಯೇ ಹೇಳಿದೆ, ಹೆಸರು ಬೇಕಿದ್ದರೆ ತಾಯಿಯನ್ನೇ ಕೇಳು ಎಂದೆ. ಅವಳು ಮೇಲೆ ಹೋದಳು. ಆ ಸಂಜೆ ಮೇಲಿನಿಂದ ಟೀಚರ ಸ್ವರ ತುಂಬ ಹೊತ್ತು ಕೇಳಿತು, ಪಾಠ ಮಾಡುವಂತೆ, ನಡುನಡುವೆ ನಿಂತು... ಮತದಾನದ ಕೊನೆಯ ದಿನ ಇಬ್ಬರೂ ಒಂದೇ ಟ್ಯಾಕ್ಸಿಯಲ್ಲಿ ಹೋದರು. ಯಾರು ಯಾರಿಗೆ ಹಾಕಿದರೋ. ಗೆದ್ದದ್ದು ಆ ಮಗನೇ.

ನಾನು ಕ್ಷಮೆ ಕೇಳಲು ಹೋದೆ. ಟೀಚರ್ ಬೈಯಲಿಲ್ಲ. "ಅದು ನನ್ನ ಬಾಯಿಂದ ಬರಬೇಕಿತ್ತು ಸಿಸ್ಟರ್," ಎಂದರು. ಆಮೇಲೆ ಮೆಟ್ಟಿಲಲ್ಲಿ ಸಿಕ್ಕರೆ ಗುಡ್ ಮಾರ್ನಿಂಗ್. ಜಪಸರಕ್ಕೆ ಬರಲಿಲ್ಲ. ಮೂರು ತಿಂಗಳಿಗೆ ಕೆಲಸ ಮುಗಿಸಿ ಊರಿಗೆ ಹೋದರು. ನಾವೂ ಮನೆ ಬದಲಿಸಿದೆವು.

ಕಳೆದ ಶುಕ್ರವಾರ ಅಬು ಹಮೂರಿನ ಚರ್ಚಿನಲ್ಲಿ ಪೂಜೆ ಮುಗಿಸಿ ಹೊರಗೆ ಬರುವಾಗ ಯಾರೋ "ಆಂಟಿ" ಎಂದು ತೋಳು ಹಿಡಿದರು. ಆ ಹುಡುಗಿ. ಟೀಚರ್ ಹೋದ ವರ್ಷ ತೀರಿಕೊಂಡರಂತೆ. ಕೊನೆಗೆ ಮಗಳು ಪಕ್ಕದಲ್ಲಿದ್ದಳಂತೆ, ಅದೂ ದಯೆಯೇ. ಪಾರ್ಕಿಂಗ್ ಬದಿಯ ಕಟ್ಟೆಯ ಮೇಲೆ ಕೂತೆವು. ಅಮ್ಮ ನಿಮ್ಮ ಹತ್ತಿರ ಬೇರೆ ಏನು ಹೇಳಿದ್ದಳು ಎಂದು ಕೇಳಿದಳು. ಈ ಸಲ ಹೆದರುತ್ತಲೇ ಹೇಳಿದೆ. ಅಣ್ಣ ಹೋದ ಮೇಲೆ ಒಂದು ವರ್ಷ ನಿನ್ನ ಅಮ್ಮ ಊಟದ ಹೊತ್ತಿಗೆ ಅವನ ತಟ್ಟೆ ಇಡುತ್ತಿದ್ದಳಂತೆ, ಯಾರೂ ತೆಗೆ ಎನ್ನಲಿಲ್ಲವಂತೆ. ಅವನು ಹಸಿ ಮಾವಿನಕಾಯಿಗೆ ಉಪ್ಪು ಹಚ್ಚಿ ತಂಗಿಗೆ ದೊಡ್ಡ ಹೋಳು ಕೊಡುತ್ತಿದ್ದನಂತೆ. ಹುಡುಗಿ ಅಳಲಿಲ್ಲ, ಕಣ್ಣು ಮಿಟುಕಿಸದೆ ಕೇಳಿದಳು.

"ಇನ್ನೂ?" ಎಂದಳು.

ನನ್ನ ಹತ್ತಿರ ಅಷ್ಟೇ ಇತ್ತು. ಆ ಮಧ್ಯಾಹ್ನ ನಾನು ಬಾಯಿ ಬಿಡದೇ ಇದ್ದಿದ್ದರೆ ಟೀಚರ್ ಇನ್ನೂ ಮೂರು ತಿಂಗಳು ಸಂಜೆ ಕೆಳಗಿಳಿದು ಬರುತ್ತಿದ್ದರು. ಇನ್ನೂ ಏನೇನೋ ಹೇಳುತ್ತಿದ್ದರು. ಆದರೆ ಈ ಹುಡುಗಿ ಅಂದೇ ಸೂಟ್‌ಕೇಸ್ ಎಳೆದುಕೊಂಡು ಹೋಗಿರುತ್ತಿದ್ದಳು.

"ಇಲ್ಲ ಮಗಾ," ಎಂದೆ. ಅವಳು ನನ್ನ ಕೈ ಬಿಡಲಿಲ್ಲ.