ಏಳನೇ ತಿಂಗಳ ಗ್ರಹಣ

ನನ್ನ ಗಂಡ ನನಗೆ ಮೊದಲ ಸಲ ಹೊಡೆದದ್ದು ಜರಡಿಯಿಂದ. ಮರದ ಕಟ್ಟಿನ ದೊಡ್ಡ ಜರಡಿ, ತೊಗರಿ ಸೋಸುವುದು. ಅದು ಕಿವಿಯ ಮೇಲೆ ಬಿದ್ದ ರಭಸಕ್ಕೆ ಬೆಂಡೋಲೆಯ ತಿರುಪು ಕಿವಿಯ ಹಿಂದೆ ಚುಚ್ಚಿಕೊಂಡು ಕುಪ್ಪಸದ ತೋಳೆಲ್ಲ ರಕ್ತವಾಯಿತು. ಆಗ ನಾನು ಏಳು ತಿಂಗಳ ಬಸುರಿ. ೧೯೮೦ರ ಫೆಬ್ರವರಿ, ಸೂರ್ಯನಿಗೆ ಗ್ರಹಣ ಹಿಡಿದ ಮಧ್ಯಾಹ್ನ.

ನಾನು ಬೆಳೆದದ್ದು ಬಸವಕಲ್ಯಾಣದಲ್ಲಿ. ಆರು ವರ್ಷದವಳಿದ್ದಾಗಲೇ ತಾಯಿ ತೀರಿಕೊಂಡಳು. ಅಪ್ಪ ಸಾಲಿ ಮಾಸ್ತರ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಎವೆ ಮಿಟುಕಿಸದೆ ಕೂಡುತ್ತಿದ್ದ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಕೋಲು ನೆಟ್ಟು, ಅದರ ನೆರಳು ನಿನ್ನೆಗಿಂತ ಎಷ್ಟು ಗಿಡ್ಡಾಗಿದೆ ಎಂದು ನನ್ನಿಂದ ಅಳೆಸುತ್ತಿದ್ದ. ಒಮ್ಮೆ ಕೇಳಿದೆ:

"ಅಪ್ಪಾ, ದೇವರು ಅಂಗೈಯಾಗ ಅದಾನೋ, ಆಕಾಶದಾಗ ಅದಾನೋ?"

"ಎರಡೂ ಕಡೆ ನೋಡವ್ವಾ. ನೋಡಾಕ ಅಂಜಬ್ಯಾಡ, ಅಷ್ಟ."

ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ, ಗ್ರಹಣದ ಮೈಲಿಗೆಯೂ ಇಲ್ಲ ಎಂದು ಅವನೇ ಹೇಳಿಕೊಟ್ಟಿದ್ದ. ಹುಮನಾಬಾದಿನ ನನ್ನ ಅತ್ತೆಮನೆಯವರೂ ಲಿಂಗ ಕಟ್ಟಿಕೊಂಡವರೇ. ಆದರೆ ಅಲ್ಲಿ ಎಲ್ಲದಕ್ಕೂ ಅಂಜಿಕೆ. ಗಂಡನದು ಕಾಳುಕಡಿ ದಲ್ಲಾಳಿಯ ಅಡತ್ ಅಂಗಡಿ, ಮಾವ ಸತ್ತು ಬಹಳ ವರ್ಷವಾಗಿತ್ತು, ಮನೆಯಲ್ಲಿ ಅತ್ತೆಯದೇ ಮಾತು.

ಗ್ರಹಣದ ದಿನ ಅತ್ತೆ ನನ್ನನ್ನು ಒಳಕೋಣೆಯಲ್ಲಿ ಮಲಗಿಸಿ, "ಕೈಕಾಲು ಮಡಚಬ್ಯಾಡ, ಏನೂ ಕೊಯ್ಯಬ್ಯಾಡ, ಕಿಡಕಿ ತೆರೀಬ್ಯಾಡ" ಎಂದು ಕದ ಎಳೆದುಕೊಂಡು ಹೋದಳು. ಹಗಲು ಹೊತ್ತಿನಲ್ಲೇ ಗುಬ್ಬಿಗಳ ಸದ್ದು ನಿಂತುಹೋಯಿತು. ನನಗೆ ತಡೆಯಲಾಗಲಿಲ್ಲ. ಸೂರ್ಯನನ್ನು ಬರಿಗಣ್ಣಿನಿಂದ ನೋಡಬೇಡ, ತೂತಿನಿಂದ ಬೆಳಕು ನೆಲಕ್ಕೆ ಬೀಳಿಸಿ ನೋಡು ಎಂದು ಅಪ್ಪ ಕಾಗದ ಬರೆದಿದ್ದ. ಜರಡಿ ತೆಗೆದುಕೊಂಡು ಅಂಗಳಕ್ಕೆ ಇಳಿದೆ. ಎತ್ತಿ ಹಿಡಿದೆ. ಶಹಾಬಾದಿ ಕಲ್ಲಿನ ಫರಸಿಯ ತುಂಬ ನೂರಾರು ಪುಟ್ಟ ಬೆಳಕಿನ ಕುಡುಗೋಲುಗಳು, ಎಲ್ಲ ಒಂದೇ ಕಡೆ ಬಾಗಿದವು. ಎಡಗೈ ಚಾಚಿದೆ. ಒಂದಿಷ್ಟು ಕುಡುಗೋಲು ಅಂಗೈಯಲ್ಲಿ ಬಂದು ಕೂತವು. ಪೂಜೆಗೆ ಕೂತಾಗ ಆಗುವಂತೆ ಮೈ ಝುಮ್ಮೆಂದಿತು. ಜೋರಾಗಿ ನಕ್ಕೆನೆಂದು ಕಾಣುತ್ತದೆ.

"ಮನಿ ಹಾಳ ಮಾಡಿದಳಪ್ಪೋ!" ಅತ್ತೆ ಕಿರುಚಿದಳು. ಗಂಡ ಓಡಿಬಂದು ಜರಡಿ ಕಸಿದುಕೊಂಡ. ಕಿವಿಯ ಮೇಲೆ ಒಂದು, ಬೆನ್ನ ಮೇಲೆ ಮೂರು. ಕಟ್ಟು ಮುರಿಯುವ ತನಕ ಹೊಡೆದ. ಹೊಟ್ಟೆಗೆ ಎರಡೂ ಕೈ ಅಡ್ಡ ಇಟ್ಟುಕೊಂಡು ಗೋಡೆಗೆ ಮುಖ ಮಾಡಿ ಕುಕ್ಕರಿಸಿದೆ.

ಏಪ್ರಿಲಿನಲ್ಲಿ ಹೆರಿಗೆಯಾಯಿತು. ತವರಿನಲ್ಲಿ ತಾಯಿ ಇಲ್ಲದ್ದಕ್ಕೆ ಹುಮನಾಬಾದಿನಲ್ಲೇ. ಸೂಲಗಿತ್ತಿ ಕೂಸನ್ನು ಎತ್ತಿ ದೀಪದ ಹತ್ತಿರ ಹಿಡಿದಳು. ಹೆಣ್ಣು. ಮೇಲ್ತುಟಿ ಮೂಗಿನ ತನಕ ಸೀಳಿತ್ತು.

ಮೂರನೇ ದಿನ ಗಂಡ ನನ್ನ ಜಡೆ ಹಿಡಿದು ಬಾಣಂತಿ ಹೊರಸಿನಿಂದ ಕೆಳಗೆ ಎಳೆದ. "ನೋಡು, ನಿನ್ನ ಗ್ರಹಣ ನೋಡು" ಎಂದು ನನ್ನ ಮುಖವನ್ನು ತೊಟ್ಟಿಲಿಗೆ ಒತ್ತಿದ. ಹಣೆ ಒಡೆಯಿತು. ನಮ್ಮಲ್ಲಿ ಹುಟ್ಟಿದ ಕೂಸಿಗೆ ಜಂಗಮರನ್ನು ಕರೆಸಿ ಲಿಂಗ ಕಟ್ಟಿಸುತ್ತಾರೆ. "ಇಂಥಾದ್ದಕ್ಕ ಲಿಂಗ ಯಾಕ? ನಾಕ ದಿನದ್ದು" ಎಂದು ಅವನು ಕರೆಸಲಿಲ್ಲ. ಅತ್ತೆ ಕೂಸಿನ ಕಡೆ ತಿರುಗಿಯೂ ನೋಡದೆ ಅಡುಗೆಮನೆಯಲ್ಲೇ ಇರುತ್ತಿದ್ದಳು. ಕೂಸಿಗೆ ಚೀಪಲು ಬರುತ್ತಿರಲಿಲ್ಲ. ಹಾಲು ಮೂಗಿನಿಂದ ಹೊರಗೆ ಬರುತ್ತಿತ್ತು. ಚಮಚದಿಂದ ಹನಿ ಹನಿ ಬಿಡುತ್ತಿದ್ದೆ. ಹಾಗೆ ಬಿಡುತ್ತ, ಆ ಬೆಳಕು ನೋಡಿದ್ದಕ್ಕೇ ಹೀಗಾಯಿತೇನೋ ಎಂದು ನಾನೂ ನಂಬತೊಡಗಿದ್ದೆ. ಗಂಡನ ಹೊಡೆತಕ್ಕಿಂತ ಅದು ದೊಡ್ಡ ಹೊಡೆತ.

ಎಂಟನೇ ದಿನ ಸುದ್ದಿ ತಿಳಿದು ಅಪ್ಪ ಬಸ್ಸಿನಲ್ಲಿ ಬಂದ, ಜೊತೆಗೆ ತನ್ನ ಹಳೆಯ ವಿದ್ಯಾರ್ಥಿನಿಯಾದ ಡಾಕ್ಟರಬಾಯಿಯನ್ನು ಕರೆದುಕೊಂಡು. ಆಕೆ ಕೂಸಿನ ಬಾಯೊಳಗೆ ಬೆರಳಾಡಿಸಿ ನೋಡಿ, ನನ್ನ ಹಣೆಯ ಗಾಯ ನೋಡಿ, ಗಂಡನ ಕಡೆ ತಿರುಗಿದಳು.

"ಹೊಟ್ಟ್ಯಾಗ ಕೂಸಿನ ತುಟಿ ಮೂರ ತಿಂಗಳದೊಳಗ ಕೂಡಿಬಿಡ್ತದ್ರಿ. ಗ್ರಹಣ ಹಿಡಿದಾಗ ಈಕಿಗೆ ಏಳು. ಅಷ್ಟೊತ್ತಿಗೆ ಈ ತುಟಿ ಹಿಂಗ ಆಗಿ ನಾಕ ತಿಂಗಳಾಗಿತ್ತು. ಇಂಥಾದ್ದು ಮನೆತನದಾಗ ಬರ್ತದ. ನಿಮ್ಮ ಕಡೆ ಯಾರಿಗರೆ ಇತ್ತೇನ್ರಿ?"

"ನಮ್ಮ ಮನೆತನಕ್ಕ ಹೆಸರಿಡ್ತೀಯೇನು?" ಗಂಡ ಎದ್ದ. ಅಪ್ಪ ಅಡ್ಡ ನಿಂತ. "ತಮ್ಮಾ, ನಮ್ಮ ಧರ್ಮದಾಗ ಗ್ರಹಣದ ಅಂಜಿಕಿ ಎಲ್ಲದಪ್ಪಾ?" ಅನ್ನುವಷ್ಟರಲ್ಲಿ ಕಪಾಳಕ್ಕೆ ಬಿತ್ತು. ಕನ್ನಡಕ ಹಾರಿ ಫರಸಿಯ ಮೇಲೆ ಚೂರಾಯಿತು. ಗಂಡ ನನ್ನ ಮಡಿಲಿನಿಂದ ಕೂಸನ್ನು ಒಂದೇ ಕಾಲು ಹಿಡಿದು ಎಳೆದ. ನಾನು ಅವನ ಮುಂಗೈ ಕಚ್ಚಿದೆ. ಬಾಯಿ ತುಂಬ ರಕ್ತದ ರುಚಿ; ಆದರೂ ಬಿಡಲಿಲ್ಲ.

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಒನಕೆ ಹಿಡಿದು ಬಂದಳು. ನನಗೇ ಬೀಳುತ್ತದೆಂದು ಕಣ್ಣು ಮುಚ್ಚಿದೆ. ಬಿದ್ದದ್ದು ಅವನ ಮೊಣಕೈಗೆ. ಎಲುಬು ಲಟ್ಟೆಂದದ್ದು ಎಲ್ಲರಿಗೂ ಕೇಳಿಸಿತು. ಕೂಸು ನನ್ನ ಮಡಿಲಿಗೆ ಬಿತ್ತು.

"ನಿನ್ನ ಮುಂಚೆ ನನಗೊಂದು ಗಂಡು ಹುಟ್ಟಿತ್ತೋ," ಅತ್ತೆ ಏದುಸಿರು ಬಿಡುತ್ತ ಹೇಳಿದಳು. "ಹಿಂಗ ತುಟಿ ಸೀಳಿತ್ತು. ಆವಾಗ ಯಾವ ಗ್ರಹಣಾನೂ ಹಿಡಿದಿದ್ದಿಲ್ಲ. ಆದರೂ ನನ್ನ ಮ್ಯಾಲೇ ಹಾಕಿದರು, ನಾ ಏನೋ ಪಾಪ ಮಾಡೀನಂತ. ನಿಮ್ಮಪ್ಪ ಅದರ ಬಾಯಾಗ ಹಸಿ ಅರಿವಿ ತುರುಕಿದ. ನಾ ಅದರ ಕಾಲ ಹಿಡಕೊಂಡು ಕುಂತಿದ್ದೆ. ಒದ್ದಾಡೋದು ನಿಲ್ಲೋತನಕ ಹಿಡಕೊಂಡಿದ್ದೆ."

ಗಂಡ ಕೈ ಹಿಡಿದುಕೊಂಡು ಗೋಡೆಗೆ ಜಾರಿ ಕೂತ. ಅತ್ತೆ ದೇವರ ಜಗುಲಿಯಿಂದ ಲಿಂಗ, ದಾರ, ವಿಭೂತಿ ತಂದು, "ಜಂಗಮರು ಬರಲಿ ಬಿಡಲಿ" ಎಂದು ಕೂಸಿನ ಕೊರಳಿಗೆ ತಾನೇ ಕಟ್ಟಿದಳು. ಆಮೇಲೆ ಡಾಕ್ಟರಬಾಯಿಯನ್ನು ಕೇಳಿದಳು: "ಇದಕ್ಕ ಏನ್ ಮಾಡಬೇಕ್ರಿ, ಹೇಳ್ರಿ. ನಾ ಮಾಡತೀನಿ."

ಗಂಡನ ಕೈ ಕೂಡಿತು, ಆದರೆ ಪೂರ್ತಿ ನೆಟ್ಟಗಾಗಲಿಲ್ಲ. ಮತ್ತೆ ಅವನು ನನ್ನ ಮೇಲೆ ಕೈ ಎತ್ತಲಿಲ್ಲ. ನಾಚಿಕೆಯಿಂದಲೋ ಅಂಜಿಕೆಯಿಂದಲೋ ನಾನು ಕೇಳಲಿಲ್ಲ. ಅವನನ್ನು ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಮಳೆಗಾಲ ಮುಗಿದ ಮೇಲೆ ಅತ್ತೆ, ನಾನು, ಅಪ್ಪ ಕೂಸನ್ನು ಕರೆದುಕೊಂಡು ಹೈದರಾಬಾದಿಗೆ ಹೋದೆವು. ಆಪರೇಷನ್ನಿಗೆ ಒಯ್ಯುವಾಗ ನರ್ಸು ಕೊರಳಿನ ಲಿಂಗ ಬಿಚ್ಚಿ ಕೊಟ್ಟಳು. ಅತ್ತೆ ಅದನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲೇ ನೆಲದ ಮೇಲೆ ಕೂತಳು. ಪಕ್ಕದಲ್ಲಿ ಅಪ್ಪ, ಮನುಷ್ಯನ ಮುಖ ಹೊಟ್ಟೆಯಲ್ಲಿ ಎರಡು ಕಡೆಯಿಂದ ಬೆಳೆದು ನಡುವೆ ಕೂಡುವ ಬಗೆಯನ್ನು ತನ್ನ ಎರಡು ಅಂಗೈ ಜೋಡಿಸಿ ತೋರಿಸುತ್ತಿದ್ದ. "ಖರೇನ? ಎಲ್ಲಾರದೂ ಹಿಂಗನಾ?" ಎಂದು ಅವಳು ಮತ್ತೆ ಮತ್ತೆ ಕೇಳಿದಳು.

ಸರ್ಜನ್ ಹೊರಗೆ ಬಂದು ಎಲ್ಲ ಚೆನ್ನಾಗಿ ಆಯಿತೆಂದ. ಅತ್ತೆ ಎದ್ದು ನಿಂತು ಕೈ ಮುಗಿದು ಕೇಳಿದಳು:

"ಸಾಹೇಬರ, ಮೂವತ್ತ ವರ್ಷದ ಹಿಂದಿನ ಕೂಸಿಗೂ ಹಿಂಗ ಹೊಲೀಲಿಕ್ಕೆ ಬರ್ತಿತ್ತೇನ್ರಿ?"

"ಬರ್ತಿತ್ತಮ್ಮಾ. ಆವಾಗೂ ಮಾಡ್ತಿದ್ದರು."

ಅವಳು ತಲೆಯಾಡಿಸಿದಳು. ತಿರುಗಿ ಗೋಡೆಯ ಹತ್ತಿರ ಹೋಗಿ ಹಣೆಯನ್ನು ಗೋಡೆಗೆ ಬಡಿದುಕೊಂಡಳು. ಮತ್ತೊಮ್ಮೆ. ಮತ್ತೊಮ್ಮೆ. ನಾನು ಓಡಿಹೋಗಿ ಅವಳ ಹಣೆಗೂ ಗೋಡೆಗೂ ನಡುವೆ ಕೈ ಇಟ್ಟೆ.