ಮಸಿ ಯಾಕ ಅಂತ ಕೇಳಿದ ಪಿ.ಟಿ. ಟೀಚರ್

ಅವರ ಕೂದಲಿನಲ್ಲಿ ಪೆನ್ಸಿಲ್ ಸಿಕ್ಕಿಸಿದರೆ ಬೀಳುತ್ತಿರಲಿಲ್ಲ. ಖೋಖೋ ಆಟದ ಅಂಕ ಬರೆದು, ಪೆನ್ಸಿಲನ್ನು ಕಿವಿಯ ಮೇಲಿನ ಗುಂಗುರಿನೊಳಗೆ ತಳ್ಳಿ, ಮೈದಾನದ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದರು. ಪೆನ್ಸಿಲ್ ಅಲುಗುತ್ತಿರಲಿಲ್ಲ. ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿಸಿಕೊಂಡು ಬರುತ್ತಿದ್ದ ನಮಗೆ ಅದನ್ನು ನೋಡುವುದೇ ಒಂದು ಸೋಜಿಗ.

ಹರಿಹರದ ನಮ್ಮ ಹೈಸ್ಕೂಲಿಗೆ ಅವರು ಪಿ.ಟಿ. ಟೀಚರ್. ಯಲ್ಲಾಪುರ ಕಡೆಯ ಸಿದ್ದಿ ಜನ. ಅವರ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದ್ದರಂತೆ. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರಂತೆ. ಇದನ್ನು ಅವರೇ ನಮಗೆ ಹೇಳಿದ್ದರು, ಮಳೆ ಬಂದು ಆಟ ನಿಂತ ಒಂದು ಪೀರಿಯಡ್ಡಿನಲ್ಲಿ, ನಮ್ಮಜ್ಜಿ ತನ್ನ ತವರಿನ ಕಥೆ ಹೇಳುವಷ್ಟು ಸಲೀಸಾಗಿ. ಹರಿಹರಕ್ಕೆ ಬಂದು ಬಹಳ ವರ್ಷವಾಗಿದ್ದರಿಂದ ಮಾತೆಲ್ಲ ನಮ್ಮದೇ.

ಆದರೂ ಊರು ಅವರನ್ನು ಕೇಳುವುದು ಬಿಟ್ಟಿರಲಿಲ್ಲ. ಪಂದ್ಯಕ್ಕೆಂದು ನಮ್ಮನ್ನು ದಾವಣಗೆರೆಗೆ ಕರೆದೊಯ್ಯುವಾಗ ಬಸ್ಸಿನಲ್ಲಿ ಯಾರಾದರೊಬ್ಬರು ಕೇಳಿಯೇ ತೀರುತ್ತಿದ್ದರು.

“ಯಾವ ದೇಶದೋರು ನೀವು?”

“ಯಲ್ಲಾಪುರ. ಹುಬ್ಬಳ್ಳಿ ದಾಟಿ ಹೋಗ್ಬೇಕು.”

“ಅಲ್ರೀ, ಮೂಲ ಯಾವ ದೇಶ?”

“ಮೊದ್ಲು ನಿಮ್ಮಜ್ಜನ ಅಜ್ಜನ ಊರು ಯಾವ್ದು ಹೇಳ್ರಿ. ಆಮೇಲೆ ನಂದು ಹೇಳ್ತೀನಿ.”

ಒಮ್ಮೆ ಹಿಂದಿನ ಸೀಟಿನ ಹೆಂಗಸೊಬ್ಬಳು ಕೈ ಚಾಚಿ ಅವರ ಕೂದಲು ಮುಟ್ಟಿ ನೋಡಿದಳು. ಟೀಚರ್ ನಿಧಾನವಾಗಿ ತಿರುಗಿ, “ಕೇಳಿ ಮುಟ್ರಿ ಅಮ್ಮಾ. ಕೇಳಿದ್ರೂ ಬ್ಯಾಡ ಅಂತೀನಿ, ಆದ್ರೂ ಕೇಳ್ರಿ” ಅಂದರು. ಆಕೆ ಕೈ ಹಿಂದಕ್ಕೆ ಎಳೆದುಕೊಂಡಳು. ಇಳಿದ ಮೇಲೆ ನಾನು, “ನಕ್ಕು ಸುಮ್ಮನಾಗಬಹುದಿತ್ತಲ್ಲ ಟೀಚರ್” ಎಂದೆ. “ನಾನು ನಕ್ರೆ ಆಕೆ ನಾಳೆ ಇನ್ನೊಬ್ರ ತಲೆ ಮುಟ್ತಾಳೆ” ಎಂದವರೇ ನಮ್ಮನ್ನು ಸಾಲಾಗಿ ನಿಲ್ಲಿಸಿ ರಸ್ತೆ ದಾಟಿಸಿದರು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲಾ ವಾರ್ಷಿಕೋತ್ಸವಕ್ಕೆ ದಾವಣಗೆರೆಯಿಂದ ಒಬ್ಬ ಡ್ಯಾನ್ಸ್ ಮಾಸ್ತರನನ್ನು ಕರೆಸಿದರು. ಆತ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಬೆಳ್ಳಗಿದ್ದವರನ್ನು ದೇವರ ಹಾಡಿನ ನೃತ್ಯಕ್ಕೆ ಆರಿಸಿದ. ಉಳಿದ ಕಪ್ಪನೆಯ ಹುಡುಗಿಯರು ‘ಆಫ್ರಿಕಾ ಡ್ಯಾನ್ಸ್’ಗೆ. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, “ಇವಳಿಗೆ ಬಣ್ಣ ಜಾಸ್ತಿ ಬೇಕಾಗಲ್ಲ” ಎಂದ. ಎಲ್ಲರೂ ನಕ್ಕರು. ಎದೆಯೊಳಗೆ ಏನೋ ಚುಚ್ಚಿತು. ಅದನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿರಲಿಲ್ಲ.

ವೇಷ ಹಾಕಿ ಅಭ್ಯಾಸ ಮಾಡುವ ದಿನ ಮುಖಕ್ಕೆ, ಕೈಕಾಲಿಗೆ ಕರಿ ಬಣ್ಣ ಬಳಿದರು. ಸೊಂಟಕ್ಕೆ ಸೊಪ್ಪು, ಕೊರಳಿಗೆ ಪ್ಲಾಸ್ಟಿಕ್ ಎಲುಬಿನ ಸರ. ಕುಪ್ಪಳಿಸುತ್ತ ಹೂ ಹೂ ಎಂದು ಕೂಗಬೇಕಿತ್ತು. ಮೈದಾನಕ್ಕೆ ಸುಣ್ಣದ ಗೆರೆ ಹಾಕುತ್ತಿದ್ದ ಟೀಚರ್ ಸದ್ದು ಕೇಳಿ ಒಳಗೆ ಬಂದರು.

“ಸ್ವಲ್ಪ ನಿಲ್ಲಿಸ್ರಿ” ಎಂದರು.

ಮಾಸ್ತರ ನಗುತ್ತಲೇ, “ಬರ್ರಿ ಮೇಡಂ, ನಿಮ್ಮದೇ ಡ್ಯಾನ್ಸು. ನೀವೇ ಎರಡು ಸ್ಟೆಪ್ ಹೇಳ್ಕೊಡ್ರಿ” ಎಂದ.

“ಇದು ನಮ್ಮದಲ್ಲ. ನಮ್ಮನ್ನ ನೋಡಿ ನಗೋರದು.”

ಅಲ್ಲಿಂದ ನೇರ ಹೆಡ್‌ಮಾಸ್ಟರ ಕೋಣೆಗೆ ನಡೆದರು. ಬಣ್ಣ ಬಳಿದುಕೊಂಡ ನಾವೂ ಹಿಂದೆಯೇ ಹೋಗಿ ಬಾಗಿಲ ಬಳಿ ಗುಂಪಾಗಿ ನಿಂತೆವು.

“ಮಕ್ಕಳ ಖುಷಿಗೆ ಮಾಡಿದ್ದು ಮೇಡಂ. ಯಾರನ್ನೂ ನೋಯಿಸೋ ಉದ್ದೇಶ ಇಲ್ಲ” ಎಂದರು ಹೆಡ್‌ಮಾಸ್ಟರು.

“ನಾನು ಉದ್ದೇಶ ಕೇಳ್ಲಿಲ್ಲ ಸರ್. ಮಸಿ ಯಾಕ ಅಂತ ಕೇಳಿದೆ.”

ಅವರು ಮೇಜಿನ ಮೇಲಿನ ಹಾಜರಿ ಪುಸ್ತಕ ಎಳೆದುಕೊಂಡರು.

“ಕಪ್ಪು ಅಂದ್ರೆ ಕಾಡು, ಕಾಡು ಅಂದ್ರೆ ಬುದ್ಧಿ ಇಲ್ಲದೋರು, ಅದನ್ನ ನೋಡಿ ನಗ್ಬೇಕು. ಇದನ್ನೇ ಮಕ್ಕಳಿಗೆ ಕಲಿಸ್ತಿದೀವಿ. ಇದಕ್ಕೆ ವರ್ಣಭೇದ ಅಂತಾರೆ. ನನ್ನ ಮಗಳು ಮೂರನೇ ಕ್ಲಾಸು. ಆಕೆ ರಸ್ತೆಯಾಗೆ ಹೊಂಟ್ರೆ ಹುಡುಗ್ರು ಹಿಂಗೇ ಕೂಗ್ತಾರೆ. ಎಲ್ಲಿ ಕಲ್ತ್ರು ಅಂತ ನನಗೆ ಇವತ್ತು ಗೊತ್ತಾಯ್ತು.”

“ನೀವು ದೊಡ್ಡದು ಮಾಡ್ತಿದೀರಿ. ವರ್ಣಭೇದ ಎಲ್ಲ ಅಮೆರಿಕದಾಗೆ. ನಮ್ಮಲ್ಲಿ ಎಲ್ಲೈತೆ?”

“ಅಮೆರಿಕ ನಾನು ನೋಡಿಲ್ಲ ಸರ್. ಹರಿಹರ ನೋಡೀನಿ.”

ಡ್ಯಾನ್ಸ್ ನಡೆಯುತ್ತದೆ, ಈ ಮಾತು ಇಲ್ಲಿಗೇ ಮುಗಿಯಿತು ಎಂದು ಹೆಡ್‌ಮಾಸ್ಟರು ಎದ್ದು ನಿಂತರು. ಟೀಚರ್ ಹೊರಗೆ ಬಂದು, ತಮ್ಮ ಚೀಲದಿಂದ ಸೋಪು ತೆಗೆದು ನಮ್ಮನ್ನು ನಲ್ಲಿಯ ಹತ್ತಿರ ಕರೆದೊಯ್ದರು. ಮುಖ ಉಜ್ಜಿಕೊಳ್ಳುತ್ತ ನಾನು, “ಮಾಸ್ತರ ನನ್ನ ಬಣ್ಣದ ಬಗ್ಗೆ ಅಂದದ್ದೂ ಇದೇನಾ ಟೀಚರ್?” ಎಂದು ಕೇಳಿದೆ. “ಅದೇ ಬೇರಿನದು. ನಿನಗೆ ಚುಚ್ಚೈತೆ, ನನಗೆ ಇರಿದೈತೆ. ಕೈ ಒಂದೇ” ಎಂದರು. ಆಮೇಲೆ ಎಲ್ಲರಿಗೂ ಕೇಳುವಂತೆ, “ನಾನು ಹೇಳ್ದೆ ಅಂತ ಡ್ಯಾನ್ಸ್ ಬಿಡಬ್ಯಾಡ್ರಿ. ನಿಮಗೇ ತಪ್ಪು ಅನ್ನಿಸಿದ್ರೆ ಬಿಡ್ರಿ” ಎಂದರು.

ವಾರ್ಷಿಕೋತ್ಸವದ ಸಂಜೆ ನಮ್ಮಲ್ಲಿ ಹೆಚ್ಚಿನವರು ಬಣ್ಣ ಬಳಿಸಿಕೊಳ್ಳಲಿಲ್ಲ. ಮಾಸ್ತರ ಗದರಿಸಿದ, ನಮ್ಮಮ್ಮನನ್ನು ಕರೆಸಿದ. ಅಮ್ಮ ನನ್ನ ಮುಖ ನೋಡಿ, “ಆಕಿಗೆ ಬ್ಯಾಡಂದ್ರೆ ಬ್ಯಾಡ ಬಿಡ್ರಿ” ಎಂದಳು. ಇಬ್ಬರು ಹುಡುಗಿಯರು ಮಾತ್ರ ವೇಷದಲ್ಲಿ ಉಳಿದರು. ಇಬ್ಬರಿಂದ ಗುಂಪು ನೃತ್ಯ ಆಗುವುದಿಲ್ಲ. ಆ ಹೊತ್ತನ್ನು ಯಾರದೋ ಉದ್ದನೆಯ ಭಾಷಣ ತುಂಬಿತು.

ಬೇಸಿಗೆ ರಜೆಗೆ ಮೊದಲೇ ಟೀಚರಿಗೆ, ಮುಂದಿನ ವರ್ಷದಿಂದ ಬರುವುದು ಬೇಡ ಎಂದು ಆಡಳಿತ ಮಂಡಳಿ ತಿಳಿಸಿತು. ಕೊನೆಯ ದಿನದ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ಟರು, ಟೀಚರ್ ಸ್ವಂತ ಕಾರಣದಿಂದ ಶಾಲೆ ಬಿಡುತ್ತಿದ್ದಾರೆ ಎಂದರು. ಸಾಲಿನ ಬದಿಯಲ್ಲಿ ನಿಂತಿದ್ದ ಟೀಚರ್ ಮುಂದೆ ಬಂದು ಮೈಕು ತೆಗೆದುಕೊಂಡರು. “ನಾನು ಬಿಡ್ತಿಲ್ಲ, ಕಳಿಸ್ತಿದಾರೆ. ಯಾಕ ಅಂತ ನಿಮಗೆ ಗೊತ್ತೈತೆ. ಮನೆಗೆ ಹೋಗಿ ಹೇಳ್ರಿ.” ಅಷ್ಟು ಹೇಳಿ, ಎಂದಿನಂತೆ ಶಿಳ್ಳೆ ಊದಿ ನಮ್ಮ ಸಾಲುಗಳನ್ನು ತರಗತಿಗೆ ಕಳಿಸಿದರು. ನಾನು ಮನೆಗೆ ಹೋಗಿ ಹೇಳಿದೆ. ಬಹಳ ಜನ ಹೇಳಿದರು. ಆ ವರ್ಷ ಹರಿಹರದ ಎಷ್ಟೋ ಮನೆಗಳಲ್ಲಿ ವರ್ಣಭೇದ ಎಂಬ ಮಾತು ಊಟದ ಹೊತ್ತಿನಲ್ಲಿ ಕೇಳಿಬಂತು.

ಟೀಚರ್ ಈಗ ಮುಂಡಗೋಡ ಕಡೆಯ ಒಂದು ಶಾಲೆಯಲ್ಲಿದ್ದಾರೆ. ನಾನು ಮದುವೆಯಾಗಿ ದಾವಣಗೆರೆಯ ಶಾಮನೂರಿನಲ್ಲಿದ್ದೇನೆ. ಕಳೆದ ವರ್ಷ ನಮ್ಮ ಮಹಡಿಯ ಮನೆಯನ್ನು ಇಲ್ಲಿ ಓದುತ್ತಿರುವ ಇಬ್ಬರು ಸೂಡಾನಿನ ಹುಡುಗರಿಗೆ ಬಾಡಿಗೆಗೆ ಕೊಟ್ಟೆವು. ಮರುದಿನವೇ ಬೀದಿಯ ಹಿರಿಯರು ನಾಲ್ಕಾರು ಜನ ಬಾಗಿಲಿಗೆ ಬಂದರು. “ಅಂಥೋರಿಗೆ ಯಾಕ ಕೊಟ್ರಿ ತಂಗಿ? ಮಕ್ಕಳು ಮರಿ ಇರೋ ಬೀದಿ ಇದು.”

“ಅಂಥೋರು ಅಂದ್ರೆ ಎಂಥೋರು? ಬಿಡಿಸಿ ಹೇಳ್ರಿ” ಎಂದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಅವರು ಮಾಡಿದ ತಪ್ಪೇನಾದ್ರೂ ಇದ್ರೆ ಹೇಳ್ರಿ, ಕೇಳ್ತೀನಿ. ಬಣ್ಣದ ಮಾತಾದ್ರೆ ಈ ಬಾಗಿಲಿಗೆ ತರಬ್ಯಾಡ್ರಿ” ಎಂದೆ. ಗೊಣಗುತ್ತ ಹೋದರು. ಹುಡುಗರು ಇನ್ನೂ ಮಹಡಿಯಲ್ಲೇ ಇದ್ದಾರೆ.

ಅಂದು ಸಂಜೆಯೇ ಟೀಚರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಮಾತಾಡುವಾಗ ದನಿ ನಡುಗ್ತಾ?”

“ನಡುಗ್ತು ಟೀಚರ್.”

“ನಡುಗ್ಲಿ. ಅವತ್ತು ಹೆಡ್‌ಮಾಸ್ಟರ ಮುಂದೆ ನಂದೂ ನಡುಗ್ತಿತ್ತು. ಮಾತು ನಿಲ್ಲಿಸಬ್ಯಾಡ, ಅಷ್ಟೆ.”

ನಾನು ಅಂದು ಹೆಡ್‌ಮಾಸ್ಟರ ಕೋಣೆಯ ಬಾಗಿಲಲ್ಲೇ ನಿಂತಿದ್ದೆ. ಅವರ ದನಿ ನಡುಗಿದ್ದು ನಮ್ಮಲ್ಲಿ ಯಾರಿಗೂ ಕೇಳಿಸಿರಲಿಲ್ಲ.